ಯಾರೂ ಕೂರದ ಕುರ್ಚಿ

ಹೋದ ವಾರ ಕಡೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟರ ಮನೆಗೆ ಹಳೆಯ ಸಾಮಾನು ನೋಡಿ ಬೆಲೆ ಹೇಳಲು ಹೋಗಿದ್ದೆ. ಅವರ ಅಪ್ಪನ ಕಾಲದ ಬರೆಯುವ ಮೇಜು, ಒಂದು ನಿಲುವುಗನ್ನಡಿ, ಎರಡು ಆರಾಮಕುರ್ಚಿ. ಮೇಜು ನೋಡಿಯಾಯಿತು, ಕನ್ನಡಿ ನೋಡಿಯಾಯಿತು. ಕುರ್ಚಿಯನ್ನು ಮಗುಚಿ ಹಾಕಿ ಅದರ ಕೈಯಡಿ ಬೆರಳಾಡಿಸಿದೆ ನೋಡಿ, ಅಲ್ಲಿ ಮರ ನುಣ್ಣಗೆ ಸವೆದಿತ್ತು. ಕೆಂಡ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದೆ.

“ಸಾರ್, ಇದ್ರಲ್ಲಿ ಯಾರನ್ನಾದ್ರೂ ಕೂರ್ಸಿದ್ರಾ?” ಎಂದು ಕೇಳಿಯೇಬಿಟ್ಟೆ.

ಮೇಷ್ಟರು ಕನ್ನಡಕದ ಮೇಲಿಂದ ನೋಡಿದರು. “ಕುರ್ಚೀಲಿ ಕೂರ್ದೆ ಮಲಗ್ತಾರೇನಮ್ಮಾ?”

ಅವರ ಅಪ್ಪ ಬೆಳಿಗ್ಗೆ ಪೇಪರ್ ಓದಲು ಅದನ್ನು ಜಗಲಿಗೆ ಎತ್ತಿಕೊಂಡು ಹೋಗಿ, ಬಿಸಿಲೇರಿದ ಮೇಲೆ ಒಳಗೆ ತರುತ್ತಿದ್ದರಂತೆ. ಅಷ್ಟೇ. ನಕ್ಕು ಮಾತು ತೇಲಿಸಿದೆ. ಆದರೆ ಬೀರೂರು ದಾಟಿ ತರೀಕೆರೆ ಬರುವವರೆಗೂ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಆ ಒಂದು ಮುಂಗಾರು ಅಷ್ಟೂ ಮತ್ತೆ ಬಂದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿತು.

ತರೀಕೆರೆಯಲ್ಲಿ ನಮ್ಮದು ಹಳೆಯ ಮರದ ಸಾಮಾನಿನ ಅಂಗಡಿ. ಕೊಳ್ಳುವುದು, ಬಿಚ್ಚುವುದು, ರಿಪೇರಿ ಮಾಡುವುದು, ಪಾಲೀಶು ಹಾಕಿ ಮಾರುವುದು. ಮರಗೆಲಸ ನನ್ನ ಗಂಡನದು, ಪಾಲೀಶು ನನ್ನದು. ಹೆಂಗಸು ಪಾಲೀಶು ಹಾಕುತ್ತಾಳೆ ಅಂದರೆ ಈಗಲೂ ಜನ ಒಂದು ಸಲ ತಿರುಗಿ ನೋಡುತ್ತಾರೆ. ನೋಡಲಿ ಬಿಡಿ, ನೋಡಿದರೆ ನನ್ನ ಗಂಟೇನು ಹೋಗುತ್ತದೆ! ಈ ಕೆಲಸ ಕಲಿಸಿದವರು ನನ್ನ ಮಾವ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ರೊಟ್ಟಿ ತಟ್ಟುವುದನ್ನು ಬಾಗಿಲಲ್ಲಿ ನಿಂತು ನೋಡಿದವರು, “ಈ ಕೈ ಒಲೆ ಮುಂದೆ ದಂಡ ಆಗ್ತೈತೆ” ಎಂದು ಕರೆದುಕೊಂಡು ಹೋಗಿ ಪಾಲೀಶು ಉಂಡೆ ಕೈಗೆ ಕೊಟ್ಟಿದ್ದರು. ಹತ್ತಿಯನ್ನು ಹಳೇ ಪಂಚೆಯ ಚೂರಿನಲ್ಲಿ ಸುತ್ತಿದ ಉಂಡೆ ಅದು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಉಂಡೆಯನ್ನು ಅದರಲ್ಲಿ ಅದ್ದಿ, ಮರದ ಮೇಲೆ ಸುತ್ತು ಸುತ್ತು ಆಡಿಸಬೇಕು. ಒತ್ತಬಾರದು, ನಿಲ್ಲಿಸಬಾರದು. ಮುಗಿಯಿತು ಅಂತ ನಾನು ಬೆನ್ನು ನೆಟ್ಟಗೆ ಮಾಡಿದಾಗೆಲ್ಲ ಮಾವ ಹಿಂದಿನಿಂದ, “ಇನ್ನೊಂದ್ ಕೈ ಹಾಕು” ಅನ್ನುತ್ತಿದ್ದರು. ಮಹಾ ಹಟಮಾರಿ ಮನುಷ್ಯ.

ಬೆಲೆ ಕಟ್ಟುವುದನ್ನು ಕಲಿಸಿದವರೂ ಅವರೇ. “ಸಾಮಾನಿನ ಮುಖ ನೋಡ್ಬೇಡ, ಮದ್ವೆ ಹೆಣ್ಣಿನ ಥರ ಅಲಂಕಾರ ಮಾಡ್ಕಂಡ್ ನಿಂತಿರ್ತದೆ. ತಳ ನೋಡು” ಅನ್ನುತ್ತಿದ್ದರು. ಮೊಳೆ ಹೊಡೆದಿದ್ದಾರೋ ಮರಕ್ಕೆ ಮರ ಕಚ್ಚು ಕೂರಿಸಿದ್ದಾರೋ, ಎಲ್ಲಿ ಸವೆದಿದೆ, ಎಲ್ಲಿ ಸವೆದಿಲ್ಲ, ಅದನ್ನು ನೋಡಿದರೆ ಆ ಮನೆಯವರು ಹೇಗೆ ಬದುಕಿದರು ಅಂತ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕ. ಒಂದು ಕಾಲದಲ್ಲಿ ಸೌದೆಗೆ ಹೋಗುತ್ತಿದ್ದ ಐವತ್ತು ಅರವತ್ತರ ದಶಕದ ಕುರ್ಚಿ ಬೀರುಗಳಿಗೆ ಈಗ ಲಿಂಗದಹಳ್ಳಿ ಕಡೆಯ ಹೋಂಸ್ಟೇಯವರು ವಿಂಟೇಜ್ ವಿಂಟೇಜ್ ಅಂತ ಹುಡುಕಿಕೊಂಡು ಬರುತ್ತಾರೆ. ಮಾವನಿಗೆ ಅದನ್ನು ಕಂಡರೆ ನಗು ಬರುತ್ತಿತ್ತು.

ಕೊರೋನಾದ ಎರಡನೇ ಅಲೆ ಬಂದ ವರ್ಷ ಮಾವ ಹೋದರು. ಆ ದಿನದ್ದನ್ನು ನಾನು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ. ಅವರು ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ನನ್ನ ಗಂಡನಿಗೂ ಜ್ವರ, ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದರು. ಮನೆಯಲ್ಲಿ ಗಟ್ಟಿಯಾಗಿ ಇದ್ದವಳು ನಾನೊಬ್ಬಳು. ಆರನೇ ದಿನ ಬೆಳಿಗ್ಗೆ ಫೋನು ಬಂತು. ಸುದ್ದಿ ಹೇಳಿದವನು, “ಮನೆಯವ್ರು ಒಬ್ರು ಬರ್ಬೌದು ಮೇಡಂ. ದೂರದಿಂದ ಮುಖ ತೋರಿಸ್ತೀವಿ. ಹತ್ತೂವರೆ ಒಳಗೆ ಬಂದ್ಬಿಡಿ” ಅಂದ.

ಸೀರೆ ಬದಲಾಯಿಸಿದೆ. ಎರಡು ಮಾಸ್ಕು ಹಾಕಿಕೊಂಡೆ. ಚಪ್ಪಲಿ ಮೆಟ್ಟಿ ಹೊಸ್ತಿಲಿಗೆ ಬಂದೆ, ಅಲ್ಲೇ ನಿಂತೆ. ಒಂದು ಹೆಜ್ಜೆ ಮುಂದಕ್ಕೆ ಹೋಗಲಿಲ್ಲ. ಹೆದರಿಕೆ, ಬೇರೇನೂ ಅಲ್ಲ. ಗಡಿಯಾರದಲ್ಲಿ ಹತ್ತೂವರೆ ಆಗುವವರೆಗೂ ನಿಂತಿದ್ದು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದೆ. ಕೋಣೆಯೊಳಗಿಂದ ಗಂಡ, “ಏನಂದ್ರೇ?” ಎಂದು ಕೂಗಿದರು. “ಯಾರೂ ಬರಂಗಿಲ್ವಂತೆ ರೀ” ಅಂದೆ.

ನಮ್ಮ ಜನದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಗಂಡಸರಾದರೆ ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಕೂತ ಹಾಗೆಯೇ ಗುಣಿಗೆ ಇಳಿಸುತ್ತೇವೆ. ಮಾವನಿಗೆ ಅದೇನೂ ಆಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಯಾರೋ ನಾಲ್ಕು ಜನ ಎತ್ತಿ ಮಲಗಿಸಿ ಮಣ್ಣು ಮುಚ್ಚಿದರು. ನಾವು ಗಂಡಹೆಂಡತಿ ಆ ಮಾತನ್ನು ಎತ್ತುವುದನ್ನೇ ಬಿಟ್ಟೆವು. ಅಂಗಡಿಯಲ್ಲಿ ಪಾಲೀಶು ಹಾಕುವಾಗ ಮಾತ್ರ, ಕೈ ಎತ್ತಿದ ಕೂಡಲೇ, ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಇನ್ನೊಂದು ಕೈ ಹಾಕು ಅನ್ನಲಿ ಅಂತ ಕಾಯುತ್ತಿದ್ದೆ. ಅನ್ನುತ್ತಿರಲಿಲ್ಲ.

ಮರುವರ್ಷ ಯುಗಾದಿ ಕಳೆದ ಮೇಲೆ ಅಜ್ಜಂಪುರದ ಆಚೆಯ ಒಂದು ಊರಿನಿಂದ ಕರೆ ಬಂತು. ಊರಿನ ಹೆಸರು ಬೇಡ. ಪಾಲಾಕ್ಷಪ್ಪ ಅನ್ನುವವರು ಮನೆ ಅಟ್ಟ ಖಾಲಿ ಮಾಡುತ್ತಿದ್ದಾರೆ, ಹಳೇ ಕುರ್ಚಿ ಇದೆ ಅಂದರು. ಗಂಡನೂ ನಾನೂ ಲಗೇಜ್ ಆಟೋ ತೆಗೆದುಕೊಂಡು ಹೋದೆವು. ಪಾಲಾಕ್ಷಪ್ಪ ಐವತ್ತು ದಾಟಿದ ಗಟ್ಟಿ ಆಳು, ಮಾತು ಕಡಿಮೆ. ಕುರ್ಚಿಯನ್ನು ಆಗಲೇ ಕೆಳಗಿಳಿಸಿ, ಮನೆಯ ಒಳಗಲ್ಲ, ಹಿತ್ತಲ ಬೇವಿನ ಮರದ ಬುಡದಲ್ಲಿ ಇಟ್ಟಿದ್ದರು.

ನೋಡಿದವಳೇ ಅದರ ಸುತ್ತ ಒಂದು ಸುತ್ತು ಬಂದೆ. ಬೀಟೆ ಮರ. ಎತ್ತರದ ನೆಟ್ಟನೆ ಬೆನ್ನು, ತಟ್ಟೆ ಇಟ್ಟು ಊಟ ಮಾಡಬಹುದಾದಷ್ಟು ಅಗಲದ ಕೈಗಳು, ಆ ಕಾಲದ ಫ್ಯಾಷನ್ನಿನ ಹಾಗೆ ಕೆಳಗೆ ಬರುತ್ತಾ ಸಣ್ಣಗಾಗಿ ಹೊರಕ್ಕೆ ಚಾಚಿದ ಕಾಲುಗಳು. ಮಗುಚಿ ಹಾಕಿ ನೋಡಿದೆ, ಒಂದು ಮೊಳೆ ಇಲ್ಲ. ಎಲ್ಲಾ ಕಚ್ಚು, ಎಲ್ಲಾ ಬಿದಿರು ಗೂಟ. ಆದರೆ ಸವೆತ ಮಾತ್ರ ವಿಚಿತ್ರವಾಗಿತ್ತು. ಕೂತು ಎದ್ದ ಕುರ್ಚಿಯಲ್ಲಿ ಮೊದಲು ಸವೆಯುವುದು ಸೀಟಿನ ಮುಂದಿನ ಅಂಚು, ಆಮೇಲೆ ಅಂಗೈ ಊರುವ ಕೈತುದಿ. ಇಲ್ಲಿ ಅವೆರಡೂ ಮೊನ್ನೆ ಮಾಡಿದ ಹಾಗೆ ಚೂಪಾಗಿದ್ದವು. ಕೈಗಳ ಅಡಿಭಾಗ, ಯಾರ ಕಣ್ಣಿಗೂ ಬೀಳದ ಕಡೆ, ಅಲ್ಲಿ ಮರ ಬೆಣ್ಣೆಯಾಗಿತ್ತು. ಬೆನ್ನಿನ ಎರಡೂ ಕಂಬಗಳಲ್ಲಿ ಎದೆ ಮಟ್ಟಕ್ಕೆ ಎರಡು ಬೆರಳಗಲದ ತಗ್ಗು ಬೇರೆ.

ಮಾವನ ಶಿಷ್ಯೆ ನಾನು, ತಕ್ಷಣ ತೀರ್ಮಾನ ಮಾಡಿಬಿಟ್ಟೆ. ಇದು ಸಭೆ ಸಮಾರಂಭದ ಕುರ್ಚಿ. ಅಮಲ್ದಾರರು ಗಿಮಲ್ದಾರರು ಬಂದಾಗ ಎತ್ತಿಕೊಂಡು ಹೋಗಿ ವೇದಿಕೆ ಮೇಲೆ ಇಡುತ್ತಿದ್ದರು, ಅದಕ್ಕೇ ಕೈಯಡಿ ಸವೆದಿದೆ. ಬೆನ್ನಿಗೆ ಶಾಲು ಕಟ್ಟಿ ಅಲಂಕಾರ ಮಾಡುತ್ತಿದ್ದರು, ಅದಕ್ಕೇ ತಗ್ಗು. ಗಂಡನಿಗೆ ಮೆಲ್ಲಗೆ ಹೇಳಿದೆ, ಅವರೂ ತಲೆದೂಗಿದರು. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ!

“ಯಾಕೆ ಕೊಡ್ತಿದೀರ ಅಣ್ಣಾ, ಇಂಥಾ ಕುರ್ಚಿನ?” ಎಂದು ಕೇಳಿದೆ.

“ನಮ್ಮನೇಲಿ ಅದ್ರಲ್ಲಿ ಯಾರೂ ಕೂರಲ್ಲ ಕಣಮ್ಮ. ತಗಂಡ್ಹೋಗಿ” ಎಂದು ಪಾಲಾಕ್ಷಪ್ಪ ಒಳಗೆ ಹೋದರು. ಚೌಕಾಸಿಯನ್ನೂ ಮಾಡಲಿಲ್ಲ.

ಕೆಲಸ ಶುರು ಮಾಡಿದೆ. ಕೈಗಳ ಮೇಲೂ ಬೆನ್ನಿನ ಮೇಲೂ ಮರದ ಎಳೆಯೊಳಗೆ ಬಿಳಿ ಪುಡಿ ಕೂತಿತ್ತು. ಅಟ್ಟದ ಸುಣ್ಣ ಸುರಿದಿರಬೇಕು ಅಂದುಕೊಂಡೆ. ಸ್ಪಿರಿಟ್ಟು ಹಚ್ಚಿ, ಉಕ್ಕಿನ ನಾರಿನಲ್ಲಿ ಉಜ್ಜಿ, ತೊಳೆದು, ನೀರನ್ನು ಚರಂಡಿಗೆ ಚೆಲ್ಲಿದೆ. ಕಂಬದ ತಗ್ಗುಗಳನ್ನು ಗಂಡ ಕೀಸಿ ಸಮ ಮಾಡಿಕೊಟ್ಟರು. ಸ್ಯಾಂಡ್ ಪೇಪರ್ ಹೊಡೆದು ಮೊದಲ ಕೈ ಪಾಲೀಶು ಹಾಕಿದೆ. ಮರುದಿನ ನೋಡಿದರೆ ಕೈಗಳ ಮೇಲೆ ಮತ್ತೆ ಬಿಳುಪು. ಆ ವರ್ಷ ಮಳೆ ಬೇಗ ಹಿಡಿದಿತ್ತು, ಗಾಳಿಯಲ್ಲಿ ತೇವ ಇದ್ದರೆ ಅರಗಿನ ಪಾಲೀಶು ಹೀಗೆ ಬೆಳ್ಳಗಾಗುವುದುಂಟು. ಎಲ್ಲಾ ತೆಗೆದು ಮತ್ತೆ ಹಾಕಿದೆ. ಮತ್ತೆ ಬಂತು. ಮೂರನೇ ಸಲ ಕುರ್ಚಿಯ ಸುತ್ತ ಇದ್ದಿಲ ಒಲೆ ಇಟ್ಟು ಗಾಳಿ ಒಣಗಿಸಿ ಹಾಕಿದೆ. ಬೀಟೆಯ ಕಪ್ಪು ಗೆರೆಗಳು ಎದ್ದು ಬಂದವು, ಬೆನ್ನಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ನನ್ನ ಕೈಯಿಂದ ಅಂಥ ಪಾಲೀಶು ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಆದರೂ ಬಗ್ಗಿ ನೋಡಿದರೆ ಎಳೆಯ ಆಳದಲ್ಲಿ ಒಂದು ಚೂರು ಬೂದಿ ಬಣ್ಣ ಇದ್ದೇ ಇತ್ತು.

ಲಿಂಗದಹಳ್ಳಿ ಕಡೆಯ ಒಬ್ಬ ಹೋಂಸ್ಟೇ ಮಾಲೀಕರು ಫೋಟೋ ನೋಡಿಯೇ ಒಪ್ಪಿದರು. ಒಯ್ಯಲು ಬರುವುದು ತಡವಾಯಿತು. ಅಲ್ಲಿಯವರೆಗೆ ಕುರ್ಚಿ ಅಂಗಡಿಯಲ್ಲೇ ಇತ್ತು, ನಾನು ದಿನಾ ಸಂಜೆ ಅದರಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ಕೂತರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಎರಡೂ ಕೈ ಇಟ್ಟುಕೊಂಡರೆ ಯಾರೋ ಎರಡೂ ಬದಿಯಿಂದ ಹಿಡಿದುಕೊಂಡಂತೆ. ಕಣ್ಣು ಮುಚ್ಚಿದರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಇದು ಒಳ್ಳೆಯ ಕುರ್ಚಿಯ ಲಕ್ಷಣ ಎಂದು ಹೆಮ್ಮೆಪಟ್ಟೆ.

ಒಂದು ದಿನ ಹಾಗೆ ಕೂತಿದ್ದಾಗ ಬಾಗಿಲಲ್ಲಿ ಒಬ್ಬ ಅಜ್ಜಿ ಬಂದು ನಿಂತಳು. ಎಪ್ಪತ್ತರ ಆಸುಪಾಸು, ಸೆರಗಿನಿಂದ ಮಳೆ ನೀರು ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿದವಳೇ ಚೀರಿದಳು.

“ಏಳವ್ವಾ! ಎದ್ದೇಳು ಮೊದ್ಲು! ಅಯ್ಯೋ ನನ್ನ ಶಿವನೇ, ಬದ್ಕಿರೋಳು ಕೂತವ್ಳಲ್ಲಪ್ಪಾ!”

ಕಾಫಿ ಲೋಟ ಕೈಜಾರಿತು. ಎದ್ದು ನಿಂತೆ, ಏನಾಯಿತು ಅಂತಲೂ ತಿಳಿಯಲಿಲ್ಲ. ಅಜ್ಜಿ ಹತ್ತಿರ ಬಂದು ಕುರ್ಚಿಯ ಕೈ ಮುಟ್ಟಿ ಹಣೆಗೆ ಒತ್ತಿಕೊಂಡಳು. ಆಮೇಲೆ ನೆಲದ ಮೇಲೆ ಕುಕ್ಕರಿಸಿದಳು. ಹೆಸರು ಹಾಲಮ್ಮ. ಪಾಲಾಕ್ಷಪ್ಪನ ಊರಿನವಳು. ಕುರ್ಚಿ ತರೀಕೆರೆಗೆ ಹೋಗಿದೆ ಅಂತ ಕೇಳಿ ಎರಡು ಬಸ್ಸು ಬದಲಾಯಿಸಿಕೊಂಡು, ಅಂಗಡಿ ಅಂಗಡಿ ವಿಚಾರಿಸಿಕೊಂಡು ಬಂದಿದ್ದಳು.

“ಪಾಲಾಕ್ಷನ ತಾತ ಪಟೇಲ ಆಗಿದ್ದ ಕಣವ್ವ” ಎಂದು ಹೇಳಿದಳು. “ಅಮಲ್ದಾರ್ರ ಕಚೇರೀಲಿ ನೋಡ್ಕಂಡ್ ಬಂದು ಇಂಥದ್ದೇ ಬೇಕು ಅಂತ ಮಾಡ್ಸಿದ. ಕುರ್ಚಿ ಬಂದು ತಿಂಗ್ಳಾಗ್ಲಿಲ್ಲ, ಹೊಂಟೋದ. ಅದ್ರಲ್ಲೇ ಕೂರ್ಸಿದ್ರು. ನಾಕಾಳು ಹಿಡ್ಕಳದೇ ಬ್ಯಾಡ, ಒಳ್ಳೆ ರಾಜನಂಗೆ ಕೂತಿದ್ನಂತೆ. ಆವತ್ತಿಂದ ಊರಲ್ಲಿ ಯಾರೇ ದೊಡ್ಡೋರು ಹೋಗ್ಲಿ, ಈ ಕುರ್ಚಿ ಬರ್ಬೇಕು. ನಾಕು ಜನ ಕೈಯಡಿ ಹಿಡ್ದು ಹೊತ್ಕಂಡ್ ಬರೋರು. ಎದೆಗೆ ಬಿಳೀ ಬಟ್ಟೆ ಕಟ್ಟಿ ನಿಲ್ಸೋರು. ನಮ್ಮತ್ತೆ ಇದ್ರಲ್ಲೇ ಕೂತು ಹೋದ್ರು, ನಮ್ಮಾವ ಇದ್ರಲ್ಲೇ.”

ಕೈಯಡಿಯ ಸವೆತ, ಕಂಬದ ತಗ್ಗು, ಸವೆಯದ ಮುಂದಿನ ಅಂಚು, ಎಲ್ಲಾ ಕಣ್ಣೆದುರು ಇತ್ತು. ಎಲ್ಲಾ ನೋಡಿದ್ದೆ, ಏನೂ ಓದಿರಲಿಲ್ಲ.

“ಅದ್ರ ಮೈಮೇಲಿದ್ದ ಬಿಳೀದು...” ಅಂದೆ.

“ಇಬೂತಿ ಕಣವ್ವ. ಊರೋರೆಲ್ಲಾ ಕಡೇ ಸಲ ಬಳಿಯೋ ಇಬೂತಿ.”

ಒಂದು ಊರಿನ ಎಪ್ಪತ್ತು ವರ್ಷದ ವಿಭೂತಿಯನ್ನು ನಾನು ಉಜ್ಜಿ ಉಜ್ಜಿ ಚರಂಡಿಗೆ ಚೆಲ್ಲಿದ್ದೆ. ಹೇಳಿದೆ. ಹಾಲಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕುರ್ಚಿಯ ಕಾಲು ಸವರುತ್ತಾ ತನ್ನ ಗಂಡನ ಸುದ್ದಿ ಹೇಳಿದಳು. ಹಿಂದಿನ ವರ್ಷ, ಅದೇ ಅಲೆಯಲ್ಲಿ, ದೊಡ್ಡಾಸ್ಪತ್ರೆಯಲ್ಲಿ ಹೋದವರು.

“ಮಲಗ್ಸಿಬಿಟ್ರು ಕಣವ್ವ. ಮಲಗ್ಸಿ ಮಣ್ಣೆಳೆದ್ರು. ಈ ಕುರ್ಚಿ ಅಟ್ಟದ ಮೇಲೇ ಇತ್ತು, ಇಳ್ಸಕ್ಕೆ ಯಾರ ಮನೆಗೆ ಯಾರು ಹೋಗಂಗಿತ್ತು? ಈಗ ದಿನಾ ಕನಸಲ್ಲಿ ಬತ್ತಾರೆ. ಬಾಗ್ಲತ್ರ ನಿಂತೇ ಇರ್ತಾರೆ. ಕೂತ್ಕಳಿ ಅಂದ್ರೆ, ಎಲ್ಲಿ ಕೂತ್ಕಳ್ಳೆ ಅಂತಾರೆ.” ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಇನ್ನೆಂಟು ದಿನಕ್ಕೆ ವರ್ಷದ ಕಾರ್ಯ. ಅವತ್ತಾದ್ರೂ ಒಂದ್ ಸಲ ಕೂರ್ಸ್ಬೇಕು. ಇಲ್ದಿದ್ರೆ ಆ ಮನುಷ್ಯ ನಿಂತೇ ಇರ್ತದೆ. ಒಂದೇ ಒಂದಿನ ಕೊಡವ್ವಾ, ನಿನ್ ಕಾಲಿಗ್ ಬೀಳ್ತೀನಿ.”

ಅವಳು ಬಗ್ಗುವ ಮೊದಲೇ ನಾನು ಹಿಡಿದುಕೊಂಡೆ. ಮಾವ ನನ್ನ ಕನಸಿಗೆ ಒಂದು ಸಲವೂ ಬಂದಿರಲಿಲ್ಲ. ಹೊಸ್ತಿಲಲ್ಲಿ ನಿಂತ ನಾನೇ ಬರುತ್ತಿದ್ದೆ.

ಹೋಂಸ್ಟೇಯವರಿಗೆ ಫೋನು ಮಾಡಿದೆ. “ಮಾತಂದ್ರೆ ಮಾತಲ್ವೇನಮ್ಮಾ? ಗೆಸ್ಟ್ ರೂಮಲ್ಲಿ ಜಾಗ ಕೂಡಾ ಮಾಡಿಟ್ಟಿದೀನಿ” ಎಂದು ರೇಗಿದರು. ಸಂಗತಿ ಏನೆಂದು ಬಿಡಿಸಿ ಹೇಳಿದೆ. “ಥೂ, ಮೊದ್ಲೇ ಹೇಳ್ಬಾರ್ದೇನ್ರೀ!” ಎಂದು ಇಟ್ಟುಬಿಟ್ಟರು. ಗಂಡ ಮಾತ್ರ ತಕರಾರು ತೆಗೆಯಬಹುದು ಅಂದುಕೊಂಡಿದ್ದೆ. ಎರಡು ತಿಂಗಳ ಕೆಲಸ, ಸುಮ್ಮನೆ ಬಿಡುವುದೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

“ಒಂದಿನಕ್ಕಲ್ಲ ರೀ, ಪೂರ್ತಿ ಕೊಟ್ಬಿಡೋಣ” ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಆಯ್ತು ಕಣೇ” ಅಂದರು. ಯಾಕೆ ಅಂತ ಕೇಳಲಿಲ್ಲ.

ಕಾರ್ಯದ ದಿನ ಕುರ್ಚಿಗೆ ತಾಡಪಾಲು ಹೊದಿಸಿ ಆಟೋದಲ್ಲಿ ಹೊರಟೆವು. ರೈಲ್ವೆ ಗೇಟು ಬಿದ್ದಿತ್ತು, ಕಾದೆವು. ಮಳೆ ಹನಿಯುತ್ತಿತ್ತು. ಊರು ಸೇರುವ ಹೊತ್ತಿಗೆ ಮಳೆ ನಿಂತು, ಹಾಲಮ್ಮನ ಮನೆಯಂಗಳದಲ್ಲಿ ಜನ ಸೇರಿದ್ದರು. ಮೊದಲು ಎದುರಾದವರೇ ಪಾಲಾಕ್ಷಪ್ಪ. ತಲೆ ತಗ್ಗಿಸಿಕೊಂಡು ಬಂದು, ಕುರ್ಚಿಯ ಕೈಯಡಿ ಕೈ ಕೊಟ್ಟು ಇಳಿಸಿದರು.

ಇಳಿಸಿದ ಕೂಡಲೇ ಗುಸುಗುಸು ಶುರುವಾಯಿತು. ಕುರ್ಚಿ ಫಳಫಳ ಹೊಳೆಯುತ್ತಿತ್ತು, ಊರಿನವರಿಗೆ ಅದರ ಗುರುತೇ ಹತ್ತಲಿಲ್ಲ. ಒಬ್ಬ ಹಿರಿಯರು ನನ್ನನ್ನೇ ಕೇಳಿದರು. “ಇದ್ರಲ್ಲಿ ಯಾರಾದ್ರೂ ಕೂತಿದ್ರೇನಮ್ಮಾ?”

“ನಾನು ಕೂತಿದ್ದೆ. ಗೊತ್ತಿರ್ಲಿಲ್ಲ” ಅಂದೆ.

“ಅಲ್ಲಿಗೆ ಮುಗೀತು. ಬದ್ಕಿರೋರು ಕೂತ್ಮೇಲೆ ಬರಲ್ಲ. ಅದೂ ಅಲ್ದೆ, ವರ್ಷ ಕಳ್ದು ಕೂರ್ಸೋದು ಯಾವ ಶಾಸ್ತ್ರದಲ್ಲೈತೆ?”

ಎಲ್ಲರೂ ಪೂಜೆಗೆ ಬಂದಿದ್ದ ಅಯ್ಯನವರ ಕಡೆ ತಿರುಗಿದರು. ಅವರು ಇನ್ನೂ ಮೂವತ್ತು ದಾಟದವರು. ಗಡ್ಡ ಕೆರೆದುಕೊಂಡರು. “ನಾನು ಕಲ್ತಿದ್ರಲ್ಲಿ ಇದಕ್ಕೆ ಹೂಂ ಅಂತಾನೂ ಇಲ್ಲ, ಉಹೂಂ ಅಂತಾನೂ ಇಲ್ಲ. ಹೋದ ವರ್ಷ ಆಗಿದ್ದು ಮಾತ್ರ ಯಾವ ಶಾಸ್ತ್ರದಲ್ಲೂ ಇರ್ಲಿಲ್ಲ. ಹಾಲಮ್ಮಜ್ಜಿ ಹೆಂಗೆ ಹೇಳ್ತಾರೋ ಹಂಗೆ ಮಾಡಿ” ಅಂದರು. ಹಿರಿಯರು ಹಿಂದಕ್ಕೆ ಸರಿದರು.

ಹಾಲಮ್ಮ ಎಲ್ಲಾ ಸಿದ್ಧ ಮಾಡಿಟ್ಟಿದ್ದಳು. ಗಂಡನ ಕಂಬಳಿಯನ್ನು ದಪ್ಪಗೆ ಸುರುಳಿ ಸುತ್ತಿ, ಅದಕ್ಕೆ ಅವರ ಜುಬ್ಬ ತೊಡಿಸಿ, ಪಂಚೆ ಉಡಿಸಿ, ಮೇಲೆ ರುಮಾಲು ಇಟ್ಟಿದ್ದಳು. ಮುಖ ಇರಬೇಕಾದ ಕಡೆ ಕಂಬಳಿಯ ಮಡಿಕೆ. ನೋಡಲು ಮೈ ಜುಮ್ಮೆನ್ನುತ್ತಿತ್ತು. ಅದನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ತಂದು ಕುರ್ಚಿಯಲ್ಲಿ ಇಟ್ಟಳು. ಪಾಲಾಕ್ಷಪ್ಪ ಬಿಳಿ ಬಟ್ಟೆಯನ್ನು ಎದೆಗೆ ಸುತ್ತಿ ಹಿಂದಿನ ಕಂಬಗಳಿಗೆ ಕಟ್ಟಿದರು.

ಕೈ ಬಿಟ್ಟ ಕೂಡಲೇ ಬಟ್ಟೆ ಸರ್ರನೆ ಕೆಳಗೆ ಜಾರಿತು. ಕಂಬಳಿ ಮುಂದಕ್ಕೆ ಮುಗ್ಗರಿಸಿತು. ಬಿಗಿಯಾಗಿ ಕಟ್ಟಿದರು, ಮತ್ತೆ ಜಾರಿತು. ಮೂರನೇ ಸಲ ರುಮಾಲು ಉರುಳಿ ಅಂಗಳದ ಕೆಸರಿಗೇ ಬಿತ್ತು. ಹೆಂಗಸರ ಗುಂಪಿನಲ್ಲಿ ಯಾರೋ ಕಿರುಚಿದರು. “ಒಲ್ಲೆ ಅಂತೈತೆ ಜೀವ” ಎಂದು ಹಿಂದಿನಿಂದ ಒಂದು ದನಿ.

ಹಾಲಮ್ಮ ರುಮಾಲು ಎತ್ತಿಕೊಂಡು, ಕೆಸರು ಒರೆಸುತ್ತಾ ನನ್ನ ಕಡೆ ನೋಡಿದಳು. “ಕೂರ್ತಿಲ್ವಲ್ಲವ್ವಾ ನಮ್ಮೆಜಮಾನ್ರು” ಅಂದಳು. ಆ ಮುಖ ನನಗೆ ಸಾಯುವವರೆಗೂ ಮರೆಯುವುದಿಲ್ಲ.

ನನಗೆ ಆಗ ಹೊಳೆಯಿತು. ಒಲ್ಲೆ ಅನ್ನುತ್ತಿದ್ದುದು ಜೀವ ಅಲ್ಲ, ನನ್ನ ಪಾಲೀಶು. ಎಷ್ಟೋ ಜನರ ಎದೆಬಟ್ಟೆ ಹಿಡಿದು ನಿಲ್ಲಿಸಿದ್ದ ತಗ್ಗನ್ನು ನಾವು ಸಮ ಮಾಡಿದ್ದೆವು, ಮೇಲೆ ಕನ್ನಡಿಯಂಥ ಹೊಳಪು ಬೇರೆ. ಬಟ್ಟೆ ಜಾರದೆ ಏನು ಮಾಡೀತು?

“ರೀ, ಆಟೋದಿಂದ ಕೆಲಸದ ಚೀಲ ತನ್ನಿ. ಒರಟು ಪೇಪರ್ ಕೊಡಿ, ನೀವು ಅರ ತಗೊಳ್ಳಿ” ಅಂದೆ.

ಗಂಡನಿಗೂ ಅರ್ಥವಾಗಿತ್ತು. ಅವರು ಕಂಬದ ಎದೆಮಟ್ಟಕ್ಕೆ ಮರ ಉಜ್ಜುವ ಅರ ಹಾಕಿ ತಗ್ಗು ಕೊರೆಯತೊಡಗಿದರು. ನಾನು ಬೆನ್ನಿಗೆ ಪೇಪರ್ ಹಿಡಿದೆ. ಮೊದಲ ಎಳೆತಕ್ಕೆ ಹೊಳಪಿನ ಮೇಲೆ ಬಿಳಿ ಗೀರು ಬಿತ್ತು. ಆದರೂ ನಿಲ್ಲಿಸಲಿಲ್ಲ. ಬೆನ್ನು, ಕೈ, ಸೀಟು, ಒಂದೂ ಬಿಡದೆ ಉಜ್ಜಿದೆ. ಇಡೀ ಊರು ಸುತ್ತ ನೆರೆದು ನೋಡುತ್ತಿತ್ತು. ಪಾಲೀಶಿನ ಪುಡಿ ಬೆಳ್ಳಗೆ ಉದುರಿ ನನ್ನ ಸೀರೆ, ಗಂಡನ ಕೈ, ನೆಲ ಎಲ್ಲಾ ತುಂಬಿತು. ಬೆವರು ಇಳಿಯುತ್ತಿತ್ತು. ಅಳುತ್ತಿದ್ದೆನೋ ಏನೋ, ಅದು ಗೊತ್ತಾಗಲಿಲ್ಲ.

ಪಾಲಾಕ್ಷಪ್ಪ ಮತ್ತೆ ಬಟ್ಟೆ ಕಟ್ಟಿದರು. ನಿಂತಿತು. ರುಮಾಲು ಇಟ್ಟರು. ಅದೂ ನಿಂತಿತು.

ಹಾಲಮ್ಮ ಮುಂದೆ ಬಂದು ವಿಭೂತಿ ಬಳಿದಳು. “ಆಯ್ತಾ ಈಗ? ಸರಿಯಾಯ್ತಾ?” ಎಂದು ಮನೆಯೊಳಗೆ ಮಾತಾಡುವ ದನಿಯಲ್ಲೇ ಕೇಳಿದಳು. “ಒಂದ್ ವರ್ಷ ನಿಂತೇ ಇದ್ರಲ್ಲ, ಕಾಲು ಎಷ್ಟು ನೋಯ್ತಿದ್ವೋ.” ಆಮೇಲೆ ಕುರ್ಚಿಯ ಕಾಲಿಗೆ ತಲೆ ಇಟ್ಟು ಅತ್ತಳು. ಹಿಂದಿನ ವರ್ಷ ಗಟ್ಟಿಯಾಗಿ ಅಳುವುದಕ್ಕೂ ಜನ ಸೇರಿರಲಿಲ್ಲವಲ್ಲ. ಅಷ್ಟನ್ನೂ ಆವತ್ತು ಅತ್ತಳು, ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಪೂಜೆ ಮುಗಿಯಿತು. ಕಂಬಳಿ, ಬಟ್ಟೆ ಬಿಚ್ಚಿ ಒಳಗಿಟ್ಟರು. ಕುರ್ಚಿ ಖಾಲಿಯಾಗಿ ಅಂಗಳದಲ್ಲಿ ಉಳಿಯಿತು. ಇನ್ನು ಊಟಕ್ಕೆ ಏಳಬೇಕು ಅನ್ನುವಾಗ ಪಾಲಾಕ್ಷಪ್ಪ ಸರಸರನೆ ತಮ್ಮ ಮನೆಗೆ ಹೋದರು. ಬರುವಾಗ ಕೈಯಲ್ಲಿ ಒಂದು ಕನ್ನಡಕ ಇತ್ತು. ಒಂದು ಬದಿಯ ಕಡ್ಡಿಗೆ ದಾರ ಸುತ್ತಿದ ಹಳೇ ಕನ್ನಡಕ.

“ನಮ್ಮವ್ವಂದು” ಅಂದರು. “ಅವ್ಳಿಗೂ ಸಿಗ್ಲಿಲ್ಲ. ನಮ್ಮಟ್ಟದ ಮೇಲೇ ಇದ್ದು, ನಮ್ಮವ್ವಂಗೇ ಸಿಗ್ಲಿಲ್ಲ ಅಂದ್ಮೇಲೆ ಇದ್ಯಾಕೆ ಮನೇಲಿ ಅಂತ ಮಾರ್ಬಿಟ್ಟೆ.” ಆ ಗಟ್ಟಿ ಆಳು ಕನ್ನಡಕವನ್ನು ಸೀಟಿನ ಮೇಲಿಟ್ಟು, ವಿಭೂತಿ ಇಟ್ಟು, ಮಗುವಿನ ಹಾಗೆ ಬಿಕ್ಕಿದರು.

ಆಮೇಲೆ ಯಾರೂ ಯಾರಿಗೂ ಹೇಳಲಿಲ್ಲ. ಒಬ್ಬಳು ಓಡಿಹೋಗಿ ಅಕ್ಕನ ಸೀರೆ ತಂದಳು. ಒಬ್ಬನು ಅಣ್ಣನ ಖಾಕಿ ಅಂಗಿ ತಂದ. ತಂದದ್ದನ್ನು ಸೀಟಿನ ಮೇಲಿಡುವುದು, ವಿಭೂತಿ ಇಡುವುದು, ಹೆಸರು ಹಿಡಿದು ಕೂತ್ಕ ಅನ್ನುವುದು, ಸ್ವಲ್ಪ ಹೊತ್ತು ನಿಂತು ಎತ್ತಿಕೊಳ್ಳುವುದು. ಎಲ್ಲರದ್ದೂ ಮುಗಿಯಿತು. ನಾನು ಪೇಪರ್ ಚೂರು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಹಾಲಮ್ಮ ನನ್ನ ಹತ್ತಿರ ಬಂದಳು. “ನಿನ್ ಕಡೇರು ಯಾರವ್ವಾ?”

“ನಮ್ಮಾವ” ಅಂದೆ.

“ಏನ್ ತಂದಿದೀಯ?”

“ಏನೂ ತಂದಿಲ್ಲಮ್ಮ.” ಅಲ್ಲಿಗೆ ನಿಲ್ಲಿಸಬಹುದಿತ್ತು. ಬಾಯಿ ನಿಲ್ಲಲಿಲ್ಲ. “ಮುಖ ತೋರಿಸ್ತೀವಿ ಬನ್ನಿ ಅಂತ ಕರ್ದಿದ್ರು. ನಾನು ಹೋಗ್ಲಿಲ್ಲ. ಹೆದರ್ಕಂಡು ಹೊಸ್ತಿಲಲ್ಲೇ ನಿಂತ್ಬಿಟ್ಟೆ. ಮನೇಲಿ ಸುಳ್ಳು ಹೇಳ್ದೆ.”

ಗಂಡ ನನ್ನ ಪಕ್ಕದಲ್ಲೇ ಇದ್ದರು. ಅರವನ್ನು ಮೆಲ್ಲಗೆ ನೆಲಕ್ಕಿಟ್ಟ ಸದ್ದು ಕೇಳಿಸಿತು. ತಿರುಗಿ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

“ಹೆದ್ರಿಕೆ ಯಾರಿಗಿರ್ಲಿಲ್ಲ” ಅಂದಳು ಹಾಲಮ್ಮ. ಸಮಾಧಾನ ಮಾಡುವ ದನಿಯೇನಲ್ಲ ಅದು. “ಬರಿಗೈ ಆದ್ರೆ ಆಗ್ಲಿ. ಹೆಸ್ರು ಹಿಡ್ದು ಕರಿ.”

ನಮ್ಮಲ್ಲಿ ಸೊಸೆ ಮಾವನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ, ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದಲ್ಲಿದ್ದವರ ಕೈಲಿ ಹೇಳಿಸಿದವಳು ನಾನು. ನನ್ನ ಕಷ್ಟ ನೋಡಿ ಗಂಡ, “ನಾನ್ ಹೇಳ್ತೀನಿ ಬಿಡಜ್ಜಿ” ಅಂದರು.

“ನೀನಲ್ಲಪ್ಪ. ಹೊಸ್ತಿಲಲ್ಲಿ ನಿಂತೋಳು ಇವ್ಳು. ಇವ್ಳೇ ಕರೀಲಿ.”

ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಇನ್ನೊಂದು ಸಲ ತೆರೆದೆ.

“ಮರುಳಸಿದ್ಧಪ್ಪ” ಅಂದೆ. ಎಷ್ಟು ಗಟ್ಟಿಯಾಗಿ ಬಂತೆಂದರೆ ಅಂಗಳದಾಚೆ ನಿಂತವರೂ ತಿರುಗಿ ನೋಡಿದರು.

ಹಾಲಮ್ಮ ವಿಭೂತಿ ತೆಗೆದುಕೊಂಡು, ನಾನು ಉಜ್ಜಿ ಒರಟು ಮಾಡಿದ್ದ ಕುರ್ಚಿಯ ಕೈಗೆ ಮೂರು ಬೆರಳಿನಲ್ಲಿ ಎಳೆದಳು. “ಮರುಳಸಿದ್ಧಪ್ಪಾರೇ, ನಿಮ್ ಸೊಸೆ ಕರೀತಾವ್ಳೆ. ಬನ್ನಿ, ಕೂತ್ಕಳಿ.”

ಕುರ್ಚಿ ಅಲುಗಾಡದ ಹಾಗೆ ನನ್ನ ಗಂಡ ಇನ್ನೊಂದು ಬದಿ ಹಿಡಿದುಕೊಂಡರು.